ಚೌಕದ ಅಂಚಿನಲ್ಲಿ ಕಣ್ಣು ಮಾಡುವ ಲೆಕ್ಕ

ಬಾಗಿಲಿಗೆ ಬಣ್ಣ ಬಳಿಯುವಾಗ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಬರಬೇಕು. ಹಾಗೆ ಮಾಡಿದರೆ ಜಾರುವ ಹನಿಗಳನ್ನು ಹಿಡಿದುಕೊಳ್ಳುತ್ತಲೇ ಮುಂದುವರಿಯಬಹುದು, ಅಂಗಿಯ ತೋಳಿಗೂ ಬಣ್ಣ ಮೆತ್ತುವುದಿಲ್ಲ. ಜರ್ಮನಿಯ ಬಾಟ್ರಪ್ ಎಂಬ ಊರಿನ ಒಬ್ಬ ಪೇಂಟರ್ ತನ್ನ ಮಗನಿಗೆ ಕಲಿಸಿದ ಪಾಠವಿದು. ಆ ಮಗ ಯೋಸೆಫ್ ಆಲ್ಬರ್ಸ್ ಮುಂದೆ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಅಧ್ಯಾಪಕರಾದರು. ನಾಜಿಗಳ ಒತ್ತಡಕ್ಕೆ ಶಾಲೆ ಮುಚ್ಚಿದಾಗ, 1933ರಲ್ಲಿ, ಅಮೆರಿಕಕ್ಕೆ ಹೋದರು. 1950ರ ಸುಮಾರಿಗೆ, ಅರವತ್ತು ದಾಟಿದ ವಯಸ್ಸಿನಲ್ಲಿ, ‘ಚೌಕಕ್ಕೆ ನಮನ’ ಎಂಬ ಚಿತ್ರಸರಣಿಗೆ ಕೈಹಚ್ಚಿದರು. 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಸಾವಿರಕ್ಕೂ ಹೆಚ್ಚು ಚಿತ್ರಗಳಾದವು. ಪ್ರತಿಯೊಂದನ್ನೂ ಅಪ್ಪ ಹೇಳಿಕೊಟ್ಟ ಹಾಗೆಯೇ, ನಡುವಿನ ಚೌಕದಿಂದ ಹೊರಗಿನ ಚೌಕದ ಕಡೆಗೆ ಬರೆದರು.

ಆ ಚಿತ್ರಗಳಲ್ಲಿ ಇರುವುದು ಒಂದರೊಳಗೊಂದು ಕೂತ ಮೂರೋ ನಾಲ್ಕೋ ಚೌಕಗಳು. ಹಲಗೆಯ ಅಗಲವನ್ನು ಹತ್ತು ಪಾಲು ಮಾಡಿ. ಹೊರಗಿನ ಚೌಕ ಹತ್ತು ಪಾಲು, ಅದರೊಳಗಿನದು ಎಂಟು, ಆಮೇಲೆ ಆರು, ಕೊನೆಗೆ ನಾಲ್ಕು. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಕೆಳಗಡೆ ಅರ್ಧ ಪಾಲು, ಎಡಬಲಗಳಲ್ಲಿ ಒಂದೊಂದು, ಮೇಲ್ಗಡೆ ಒಂದೂವರೆ ಪಾಲು ಜಾಗ. ಹಾಗಾಗಿ ಚೌಕಗಳೆಲ್ಲ ಕೆಳಕ್ಕೆ ಜಗ್ಗಿದಂತೆ ಕಾಣುತ್ತವೆ. ಟ್ಯೂಬಿನಿಂದ ಬಂದ ಬಣ್ಣವನ್ನು ಹೆಚ್ಚಿನ ಕಡೆ ಬೆರೆಸದೆ ಹಾಗೆಯೇ ಹಾರ್ಡ್‌ಬೋರ್ಡಿನ ಮೇಲೆ ಹಚ್ಚುತ್ತಿದ್ದರು. ಕುಂಚದ ಬದಲು ಕೈಯಲ್ಲಿದ್ದದ್ದು ಗಾರೆಯವರ ಕರಣೆಯ ಮರಿಯಂಥ ಚಪ್ಪಟೆ ಅಲಗು. ರೊಟ್ಟಿಗೆ ಬೆಣ್ಣೆ ಸವರಿದಷ್ಟೇ ಸರಳ ಕೆಲಸ. ಹಲಗೆಯ ಹಿಂಬದಿಯಲ್ಲಿ ಯಾವ ಕಂಪನಿಯ ಯಾವ ಬಣ್ಣ ಬಳಸಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ನಾವು ಬರೆಯುವುದೂ ಇದೇ ಅಲ್ಲವೇ?

ಈಗ ಚಿತ್ರದ ಮುಂದೆ ಸುಮ್ಮನೆ ಎರಡು ನಿಮಿಷ ನಿಲ್ಲಿ. ಒಂದೇ ಬಣ್ಣ ಸವರಿದ ಪಟ್ಟಿಯೊಂದು ಒಂದು ಅಂಚಿನಲ್ಲಿ ಬೆಳಗಿ, ಇನ್ನೊಂದು ಅಂಚಿನಲ್ಲಿ ಮಂಕಾದಂತೆ ಕಾಣುತ್ತದೆ. ನಡುವಿನ ಚೌಕ ಒಮ್ಮೆ ಹಳ್ಳದಂತೆ ಒಳಕ್ಕೆ ಹೋಗುತ್ತದೆ, ಮತ್ತೊಮ್ಮೆ ದಿಬ್ಬದಂತೆ ಮುಂದಕ್ಕೆ ಬರುತ್ತದೆ. ನನಗೆ ಚಿಂತೆ ಹುಟ್ಟಿಸುವುದು ಇಲ್ಲಿಂದ ಮುಂದಿನ ಮಾತು. ಒಂದರೊಳಗೊಂದು ಚೌಕಗಳಿರುವ ಪಟಗಳನ್ನು ‘ಶಕ್ತಿ ಹೊಮ್ಮಿಸುವ ಚಿತ್ರ’ ಎಂದು ಚೌಕಟ್ಟು ಹಾಕಿಸಿ ಮಾರುವವರಿದ್ದಾರೆ. ದಿಟ್ಟಿಸಿ ನೋಡಿ, ಸುತ್ತಲೂ ಪ್ರಭೆ ಏಳುತ್ತದೆ, ಅದೇ ಸಾಕ್ಷಿ ಎನ್ನುತ್ತಾರೆ. ಪ್ರಭೆ ಏಳುವುದೇನೋ ನಿಜ. ಆದರೆ ನೋಟವನ್ನು ಪಕ್ಕದ ಬಿಳಿ ಗೋಡೆಗೆ ಸರಿಸಿ, ಪ್ರಭೆಯೂ ನಿಮ್ಮ ಜೊತೆಗೇ ಗೋಡೆಗೆ ಬರುತ್ತದೆ. ಛಾವಣಿ ನೋಡಿದರೆ ಛಾವಣಿಗೂ ಬರುತ್ತದೆ. ಚಿತ್ರದಿಂದ ಹೊರಟದ್ದಾಗಿದ್ದರೆ ಅದು ಚಿತ್ರದ ಸುತ್ತಲೇ ಉಳಿಯಬೇಕಿತ್ತು. ಕೆಂಪನ್ನು ಅರ್ಧ ನಿಮಿಷ ದಿಟ್ಟಿಸಿದರೆ ಆ ಬಣ್ಣಕ್ಕೆ ಸ್ಪಂದಿಸುವ ಕೋಶಗಳು ದಣಿಯುತ್ತವೆ, ಆಮೇಲೆ ಬಿಳಿಯನ್ನು ನೋಡಿದಾಗ ದಣಿಯದ ಕೋಶಗಳ ದನಿಯೇ ಮೇಲಾಗಿ ನೀಲಿ ಬೆರೆತ ಹಸಿರು ಕಾಣುತ್ತದೆ. ಆಲ್ಬರ್ಸ್ ಇದನ್ನು ತರಗತಿಯಲ್ಲಿಯೇ ಮಾಡಿ ತೋರಿಸುತ್ತಿದ್ದರು.

ಅಂಚಿನ ಬೆಳಗು ಮಾತ್ರ ಬೇರೆಯೇ ವಿಷಯ, ಅದರ ಕಥೆ ಒಂದು ನೆಯ್ಗೆ ಕಾರ್ಖಾನೆಯಿಂದ ಶುರುವಾಗುತ್ತದೆ. ಮಿಶೆಲ್ ಯೂಜೀನ್ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞರು 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ಸ್ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥರಾದರು. ಕೊಬ್ಬಿನ ರಸಾಯನವನ್ನು ಬಿಡಿಸಿಟ್ಟು, ಒಳ್ಳೆಯ ಮೇಣದಬತ್ತಿಗೆ ದಾರಿ ಮಾಡಿಕೊಟ್ಟವರು ಅವರು. ನೂರೆರಡು ವರ್ಷ ಬದುಕಿದರು. ನೂರು ತುಂಬಿದಾಗ ಛಾಯಾಗ್ರಾಹಕ ನಾದಾರ್ ಅವರ ಜೊತೆ ಮಾತನಾಡುತ್ತಿರುವ ಫೋಟೋಗಳು ಇಂದಿಗೂ ಇವೆ. ಅವರ ಮುಂದೆ ಬಂದ ದೂರು ಇಷ್ಟು: ನೀಲಿ ಮತ್ತು ನೇರಳೆ ಬಟ್ಟೆಗಳಲ್ಲಿ ನೆರಳಿಗೆಂದು ನೇಯ್ದ ಕಪ್ಪು ಎಳೆ ಸಪ್ಪೆಯಾಗಿದೆ, ನಿಮ್ಮ ಬಣ್ಣ ಸರಿಯಿಲ್ಲ. ಶೆವ್ರೆಲ್ ಬೇರೆ ಕಾರ್ಖಾನೆಗಳ ಕಪ್ಪು ಉಣ್ಣೆಯನ್ನು ತರಿಸಿ ಹೋಲಿಸಿದರು. ಗೋಬೆಲಿನ್ಸ್‌ನ ಕಪ್ಪಿನಲ್ಲಿ ಕೊರತೆಯೇ ಇರಲಿಲ್ಲ. ಕೆಡಿಸುತ್ತಿದ್ದದ್ದು ಪಕ್ಕದ ಎಳೆಯ ಬಣ್ಣ. ಸೀರೆಗೆ ರವಿಕೆ ಬಟ್ಟೆ ಹುಡುಕಲು ಮ್ಯಾಚಿಂಗ್ ಸೆಂಟರಿಗೆ ಹೋದವರಿಗೆ ಈ ತಕರಾರು ಚೆನ್ನಾಗಿ ಗೊತ್ತು. ತಾನಿನ ಮೇಲೆ ಸರಿಯಾಗಿ ಕಂಡದ್ದು ಸೀರೆಯ ಅಂಚಿಗೆ ತಾಗಿಸಿದ ಕೂಡಲೇ ಬೇರೆಯಾಗುತ್ತದೆ. ಟ್ಯೂಬ್‌ಲೈಟಿನದೂ ಒಂದು ಪಾಲು ತಪ್ಪಿರಬಹುದು, ಆದರೆ ಬಾಗಿಲ ಬಳಿಯ ಬಿಸಿಲಿಗೆ ಒಯ್ದರೂ ನೆರೆಯ ಬಣ್ಣದ ಪ್ರಭಾವ ಹೋಗುವುದಿಲ್ಲ. 1839ರಲ್ಲಿ ಶೆವ್ರೆಲ್ ಇದನ್ನೆಲ್ಲ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಬೂದು ಪಟ್ಟಿಗಳನ್ನು ಗಾಢದಿಂದ ತಿಳಿಗೆ ಸಾಲಾಗಿ ಜೋಡಿಸಿದರೆ, ಒಂದೊಂದು ಪಟ್ಟಿಯೂ ಅಂಗಡಿಯ ಶಟರಿನ ಮಡಿಕೆಯಂತೆ ಬಾಗಿದ ಹಾಗೆ ಕಾಣುತ್ತದೆ ಎನ್ನುವುದು ಅವರ ಹೆಸರಿನಲ್ಲೇ ಉಳಿದಿದೆ.

ಏಕೆ ಹೀಗೆ? ಉತ್ತರ ಸಿಕ್ಕಿದ್ದು ಕುದುರೆಲಾಳದ ಏಡಿಯ ಕಣ್ಣಿನಲ್ಲಿ. ಹೆಸರಿಗೆ ಏಡಿಯಾದರೂ ಅದು ಜೇಡಗಳ ಹತ್ತಿರದ ಸಂಬಂಧಿ. ಅದರ ಕಣ್ಣಿನ ಘಟಕಗಳು ದೊಡ್ಡವು, ನರದ ಎಳೆಯನ್ನು ಬಿಡಿಸಿ ಅಳೆಯುವುದು ಸುಲಭ. ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಎಂಬ ವಿಜ್ಞಾನಿ ಒಂದು ಘಟಕಕ್ಕೆ ಮಾತ್ರ ಬೆಳಕು ಬಿಟ್ಟರೆ ಅದರ ನರ ಚುರುಕಾಗಿ ಮಿಡಿಯುತ್ತಿತ್ತು. ಪಕ್ಕದ ಘಟಕಗಳಿಗೂ ಬೆಳಕು ಬಿಟ್ಟ ಕೂಡಲೇ ಮೊದಲಿನದರ ಮಿಡಿತ ಇಳಿಯುತ್ತಿತ್ತು. ನೆರೆಯವು ಅದನ್ನು ಅದುಮುತ್ತಿದ್ದವು. ಈ ಹಾದಿಯ ಕೆಲಸಕ್ಕೆ ಅವರು 1967ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಪಾರ್ಶ್ವ ಪ್ರತಿಬಂಧ ಎಂದು ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ನಮ್ಮ ಅಕ್ಷಿಪಟದಲ್ಲಿ ಅಡ್ಡಡ್ಡವಾಗಿ ಹಬ್ಬಿದ ಕೋಶಗಳು ಇದೇ ಕೆಲಸ ಮಾಡುತ್ತವೆ.

ಒಂದು ಲೆಕ್ಕ ಮಾಡೋಣ, ಬಿಡಿಸಿ ನೋಡಿದರೆ ಬಹಳ ಚೆಂದವಿದೆ. ಕೋಶಗಳು ಸಾಲಾಗಿ ಕೂತಿವೆ. ಎಡಗಡೆಯ ತಿಳಿ ಬಣ್ಣದ ಮೇಲಿನವಕ್ಕೆ ತಲಾ 100 ಬೆಳಕು, ಬಲಗಡೆಯ ಗಾಢ ಬಣ್ಣದ ಮೇಲಿನವಕ್ಕೆ ತಲಾ 50. ಪ್ರತಿ ಕೋಶವೂ ತನಗೆ ಬಿದ್ದ ಬೆಳಕಿನ ಹತ್ತನೇ ಒಂದರಷ್ಟನ್ನು ಎರಡೂ ಪಕ್ಕದವರಿಂದ ಕಡಿತ ಮಾಡುತ್ತದೆ ಎಂದುಕೊಳ್ಳಿ. ತಿಳಿಯ ನಟ್ಟನಡುವಿನ ಕೋಶಕ್ಕೆ 100ರಲ್ಲಿ 10 ಮತ್ತು 10 ಹೋಗಿ 80 ಉಳಿಯಿತು. ಗಡಿಗೆ ತಾಗಿದ ತಿಳಿಯ ಕೋಶಕ್ಕೆ ಒಂದು ಪಕ್ಕದಿಂದ 10, ಗಾಢದ ಪಕ್ಕದಿಂದ ಬರೀ 5 ಕಡಿತ, ಉಳಿದದ್ದು 85. ಗಡಿಯಾಚೆಯ ಗಾಢದ ಕೋಶಕ್ಕೆ 50ರಲ್ಲಿ 10 ಮತ್ತು 5 ಹೋಗಿ 35. ಗಾಢದ ಒಳಗಿನವಕ್ಕೆಲ್ಲ 40. ಸಾಲು ಹೀಗಾಯಿತು: 80, 80, 85, ಗಡಿ, 35, 40, 40. ಹಲಗೆಯ ಮೇಲೆ ಇದ್ದದ್ದು ಎರಡೇ ಬಣ್ಣ, ಕಣ್ಣು ಬರೆದುಕೊಂಡದ್ದು ನಾಲ್ಕು!

ಬೀದಿಯ ಸಾಲು ನಲ್ಲಿಗಳೂ ಹೀಗೆಯೇ. ಎರಡೂ ಪಕ್ಕದ ಮನೆಯವರು ನಲ್ಲಿ ತಿರುಗಿಸಿದರೆ ನಿಮ್ಮ ನೀರು ಸಣ್ಣಗಾಗುತ್ತದೆ. ಪಕ್ಕದ ಒಂದು ಮನೆಗೆ ಬೀಗ ಬಿದ್ದಿದ್ದರೆ ನಿಮ್ಮ ಕೊಡ ಬೇಗ ತುಂಬುತ್ತದೆ. ಸಂತೆಯಲ್ಲಿ ತರಕಾರಿಯವನ ಕೂಗು ಎರಡೂ ಕಡೆಯ ಕೂಗಿನಲ್ಲಿ ಮುಳುಗುತ್ತದೆ, ಸಾಲಿನ ತುದಿಯವನ ಕೂಗು ದೂರಕ್ಕೆ ಕೇಳುತ್ತದೆ. ಇನ್ನೊಂದು ಬಗೆಯಲ್ಲಿ, ಹಳೆಯ ಕಾಲದ ತಂತಿ ಕಚೇರಿಯನ್ನು ನೆನೆಯಿರಿ. ಪದಕ್ಕೆ ಇಷ್ಟೆಂದು ಕಾಸು ಎಣಿಸುವಲ್ಲಿ ‘ಎಲ್ಲ ಕ್ಷೇಮ’ ಎಂದು ದಿನಾ ಯಾರೂ ತಂತಿ ಕಳಿಸುತ್ತಿರಲಿಲ್ಲ, ಏನಾದರೂ ಬದಲಾದಾಗ ಕಳಿಸುತ್ತಿದ್ದರು. ನಮ್ಮ ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿ. ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಎಳೆಗಳು ಸುಮಾರು 10 ಲಕ್ಷ. ಎಲ್ಲವನ್ನೂ ಕಳಿಸಲು ದಾರಿಯಿಲ್ಲ. ಹಾಗಾಗಿ ಕಣ್ಣು ಒಂದೇ ಸಮನಾಗಿರುವುದನ್ನು ಕುಗ್ಗಿಸಿ, ಗಡಿಯನ್ನು ಹಿಗ್ಗಿಸಿ ಕಳಿಸುತ್ತದೆ.

ಇಷ್ಟರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. 1979ರಲ್ಲಿ ಮೈಕೇಲ್ ವೈಟ್ ಎಂಬ ಸಂಶೋಧಕರು ತೋರಿಸಿದ ಕಪ್ಪು ಬಿಳಿ ಪಟ್ಟಿಗಳಲ್ಲಿ, ಹೆಚ್ಚಾಗಿ ಬಿಳಿಗೆ ತಾಗಿಕೊಂಡಿರುವ ಬೂದು ತುಂಡು ಮೇಲಿನ ಲೆಕ್ಕದ ಪ್ರಕಾರ ಗಾಢವಾಗಬೇಕು. ಕಾಣುವುದು ತಿಳಿಯಾಗಿ! ಯಾವುದು ಯಾವುದರ ಭಾಗ, ಯಾವುದು ಯಾವುದರ ಹಿಂದಿದೆ ಎಂದು ಮಿದುಳೂ ತೀರ್ಮಾನ ಮಾಡುತ್ತಿರುತ್ತದೆ. ಆಲ್ಬರ್ಸ್ ಚೌಕ ಒಮ್ಮೆ ಹಳ್ಳವಾಗಿ, ಒಮ್ಮೆ ದಿಬ್ಬವಾಗಿ ತೋರುವುದರಲ್ಲಿಯೂ ಆ ತೀರ್ಮಾನದ ಕೈವಾಡವಿದೆ.

ಜ್ಯಾಮಿತೀಯ ಅಮೂರ್ತ ಕಲೆಯ ಬಗ್ಗೆ ಮತ್ತೊಂದು ಮಾತು ಪದೇ ಪದೇ ಕೇಳಿಬರುತ್ತದೆ. ಡಚ್ ಚಿತ್ರಕಾರ ಮೋಂಡ್ರಿಯಾನ್‌ನ ಕಪ್ಪು ಗೆರೆ, ಕೆಂಪು ಹಳದಿ ಆಯತಗಳಲ್ಲಿ ಸುವರ್ಣ ಅನುಪಾತ, ಅಂದರೆ ಉದ್ದವು ಅಗಲದ ಸುಮಾರು 1.618 ಪಟ್ಟು ಇರುವ ಅಳತೆ, ಅಡಗಿದೆಯಂತೆ. ನೂರಾರು ಆಯತಗಳಿರುವಲ್ಲಿ ಅಳತೆಪಟ್ಟಿ ಹಿಡಿದು ಹುಡುಕಿದರೆ 1.6ರ ಆಸುಪಾಸಿನದು ಒಂದಾದರೂ ಸಿಗದಿರುತ್ತದೆಯೇ? 1944ರಲ್ಲಿ ಅವರು ತೀರಿಕೊಂಡಾಗ ಮುಗಿಯದೆ ಉಳಿದ ಕೊನೆಯ ಚಿತ್ರದ ಮೇಲೆ ಬಣ್ಣದ ಟೇಪಿನ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಅಂಟಿಸಿ, ದೂರ ನಿಂತು ನೋಡಿ, ಕಿತ್ತು, ಬೇರೆ ಕಡೆ ಅಂಟಿಸುತ್ತಿದ್ದರು. ಅವರ ಅಳತೆಗೋಲು ಅವರ ಕಣ್ಣಾಗಿತ್ತು.

ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಗೆ ಬಣ್ಣ ಕಲಸುವ ಮೊದಲು ಬಣ್ಣದ ಕಾಗದ ಕತ್ತರಿಸಲು ಹೇಳುತ್ತಿದ್ದರು. ಒಂದೇ ಬಣ್ಣ ಎರಡಾಗಿ ಕಾಣುವಂತೆ ಮಾಡಿ ಎನ್ನುವುದು ಅವರ ಹೆಸರಾಂತ ಪಾಠ. ನಾನು ಹೋದ ವರ್ಷ ಒಂದು ಶಾಲೆಯ ಏಳನೆಯ ತರಗತಿಯಲ್ಲಿ ಇದನ್ನೇ ಮಾಡಿಸಿದೆ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ಬೂದು ತುಂಡುಗಳು, ಹಿನ್ನೆಲೆಗೆ ಒಂದು ಹಳದಿ ಹಾಳೆ, ಒಂದು ಕಡುನೀಲಿ ಹಾಳೆ. ಎರಡೂ ಒಂದೇ ಕಾಗದ ಎಂದಾಗ ಯಾರೂ ನಂಬಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ನೀಲಿಯ ಮೇಲಿದ್ದ ತುಂಡನ್ನು ಬೆರಳ ತುದಿಯಿಂದ ನಿಧಾನವಾಗಿ ಹಳದಿಯ ಕಡೆಗೆ ಜರುಗಿಸಿದಳು. ಗಡಿ ದಾಟುವಾಗ ತುಂಡಿನ ಒಂದು ಅರ್ಧ ತಿಳಿಯಾಗಿಯೂ ಇನ್ನೊಂದು ಅರ್ಧ ಕಪ್ಪಾಗಿಯೂ ಕಂಡಿತು. ಅವಳು ತುಂಡನ್ನು ಎತ್ತಿ ಹಿಂಬದಿ ತಿರುಗಿಸಿ ನೋಡಿದಳು, ಉಗುರಿನಿಂದ ಕೆರೆದಳು, ಮತ್ತೆ ನೀಲಿಯ ಮೇಲಿಟ್ಟು ಇನ್ನೂ ನಿಧಾನವಾಗಿ ಜರುಗಿಸತೊಡಗಿದಳು.