ಬಳಸಿದ ಸ್ಪೋರ್ಟ್ಸ್ ಕಾರು: ಟ್ರೇಡ್-ಇನ್ ಬೆಲೆಯ ಹಿಂದಿನ ಲೆಕ್ಕ

ಅಮೆರಿಕದಲ್ಲಿ ಹೊಸ ಕಾರು ಕೊಳ್ಳುವಾಗ ಹಳೆಯದನ್ನು ಅದೇ ಡೀಲರ್‌ಗೆ ಒಪ್ಪಿಸಿ, ಅದರ ಬೆಲೆಯನ್ನು ಹೊಸ ಕಾರಿನ ಬೆಲೆಯಲ್ಲಿ ಮುರಿದುಕೊಳ್ಳುವ ವ್ಯವಹಾರವನ್ನು ಟ್ರೇಡ್-ಇನ್ ಎನ್ನುತ್ತಾರೆ. ನಮ್ಮಲ್ಲಿ ಎಕ್ಸ್‌ಚೇಂಜ್ ಎನ್ನುವುದು ಇದನ್ನೇ. ಕಲಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಅಂಶವೆಂದರೆ, ಈ ಬೆಲೆಯನ್ನು ಡೀಲರ್ ತಾವು ಮುಂದೆ ಮಾರಬಹುದಾದ ಬೆಲೆಯಿಂದ ಹಿಂದಕ್ಕೆ ಎಣಿಸುತ್ತಾರೆ. ಮಾಲೀಕರು ಆಸೆಪಟ್ಟು ಹಾಕಿಸಿದ ಎಕ್ಸಾಸ್ಟ್ ಅಥವಾ ದುಬಾರಿ ಚಕ್ರಗಳ ಖರ್ಚು ಈ ಎಣಿಕೆಗೆ ಬರುವುದೇ ಇಲ್ಲ; ಕಂಪನಿಯ ಮೂಲ ಬಿಡಿಭಾಗಗಳು ಕೈಯಲ್ಲಿಲ್ಲದಿದ್ದರೆ ಅವು ಬೆಲೆಯನ್ನು ಇಳಿಸುವುದೇ ಹೆಚ್ಚು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಕಾರು 40,000 ಡಾಲರ್‌ಗೆ ಮಾರಾಟವಾಗುತ್ತದೆಂದು ಡೀಲರ್ ಅಂದಾಜಿಸಿದ್ದಾರೆ. ಟೈರು, ಬ್ರೇಕು, ಬಣ್ಣದ ಗೀರು ಸರಿಪಡಿಸಲು 3,000; ಸಾಗಣೆ ಮತ್ತು ಜಾಹೀರಾತಿಗೆ 550; ಕೊಳ್ಳಲು ತಂದ ಸಾಲಕ್ಕೆ ವರ್ಷಕ್ಕೆ ಶೇಕಡಾ 8ರಂತೆ ಎರಡು ತಿಂಗಳ ಬಡ್ಡಿ ಸುಮಾರು 450; ಉಳಿಯಬೇಕಾದ ಲಾಭ 4,000. ಇವೆಲ್ಲವನ್ನೂ ಕಳೆದರೆ 32,000 ಡಾಲರ್ ಉಳಿಯುತ್ತದೆ, ಮಾಲೀಕರ ಮುಂದಿಡುವ ಮೊತ್ತ ಅದೇ. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವೆ 8,000 ಡಾಲರ್ ಅಂತರ ಕಂಡ ವಿದ್ಯಾರ್ಥಿಗಳು ಕೆಲವೊಮ್ಮೆ ಶೇಕಡಾ 25 ಲಾಭವೆಂದು ಬರೆದುಬಿಡುತ್ತಾರೆ. ಅದು ಕೊಂಡ ಬೆಲೆಯ ಮೇಲಿನ ಏರಿಕೆ ಮಾತ್ರ. ನೇರ ಖರ್ಚು ಕಳೆದ ಮೇಲೆ ಉಳಿಯುವುದು ಮಾರಾಟ ಬೆಲೆಯ ಶೇಕಡಾ 10, ಮಾರಾಟಗಾರರ ಕಮಿಷನ್, ಜಾಗದ ಬಾಡಿಗೆ, ಸಿಬ್ಬಂದಿಯ ಸಂಬಳ ಇನ್ನು ಅದರಲ್ಲೇ ಹೊರಡಬೇಕು. ಭಾರತದ ಜಿಎಸ್‌ಟಿಯಲ್ಲಿಯೂ ನೋಂದಾಯಿತ ಡೀಲರ್ ಬಳಸಿದ ವಾಹನ ಮಾರಿದಾಗ ತೆರಿಗೆ ಬೀಳುವುದು ಈ ಎರಡು ಬೆಲೆಗಳ ಅಂತರದ ಮೇಲೆ. ದೊಡ್ಡ ಇಂಜಿನ್‌ನ ಕಾರುಗಳಿಗೆ ಅದಾಗಲೇ ಇದ್ದ ಶೇಕಡಾ 18ರ ದರವನ್ನು 2025ರ ಜನವರಿಯಲ್ಲಿ ಉಳಿದ ಕಾರುಗಳಿಗೂ ವಿಸ್ತರಿಸಲಾಯಿತು.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಲೆಕ್ಕ ಸಾಮಾನ್ಯ ಕಾರಿಗಿಂತ ಬಿಗಿಯಾಗಲು ಕಾರಣ, ಕಣ್ಣಿಗೆ ಕಾಣದ ದೋಷದ ಭಯ. 1999ರಿಂದ 2004ರವರೆಗಿನ ಮಾದರಿಯ ಪೋರ್ಶೆ 911 ಕರೆರಾ ಇದಕ್ಕೆ ಒಳ್ಳೆಯ ಪಾಠ. ಅದರ ಇಂಜಿನ್‌ನೊಳಗಿನ ಮಧ್ಯಂತರ ಶಾಫ್ಟ್‌ನ ಬೇರಿಂಗ್, ಅಂದರೆ ಐಎಂಎಸ್ ಬೇರಿಂಗ್, ಕೈಕೊಟ್ಟರೆ ಇಡೀ ಇಂಜಿನ್ನೇ ಹಾಳಾಗಬಹುದು. ಅದೇ ಪೀಳಿಗೆಯ 911 ಟರ್ಬೊದಲ್ಲಿ ಬೇರೆ ವಿನ್ಯಾಸದ ಇಂಜಿನ್ ಇರುವುದರಿಂದ ಈ ಆತಂಕವಿಲ್ಲ. ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕಾದ್ದರಿಂದ ಬಹಳ ಮಂದಿ ಕ್ಲಚ್ ಬದಲಿಸುವಾಗಲೇ ಅದನ್ನೂ ಮಾಡಿಸಿಬಿಡುತ್ತಾರೆ. ಆ ಕೆಲಸದ ರಸೀದಿ ಕಡತದಲ್ಲಿದ್ದರೆ ಮಾತುಕತೆಯ ದಾರಿಯೇ ಬೇರೆ. ರಸೀದಿ ಇಲ್ಲದಿದ್ದರೆ ಕೆಲಸ ಆಗಿಲ್ಲವೆಂದೇ ಡೀಲರ್ ಎಣಿಸುತ್ತಾರೆ, ಹಾಗೆ ಎಣಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವಲ್ಲ, ಏಕೆಂದರೆ ಮುಂದಿನ ಗಿರಾಕಿಯೂ ಅದೇ ಕಾಗದವನ್ನು ಕೇಳುತ್ತಾರೆ.

ಟೈರನ್ನೂ ಹತ್ತಿರದಿಂದ ನೋಡಬೇಕು. ಅದರ ಬದಿಯಲ್ಲಿ ಡಿಒಟಿ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು 2316 ಎಂದಿದ್ದರೆ ಆ ಟೈರು 2016ರ 23ನೇ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ಓಡುವುದು ಕಡಿಮೆಯಾದ್ದರಿಂದ ಟೈರಿನ ಮೇಲ್ಮೈಯ ತೋಡುಗಳೆಲ್ಲ ಆಳವಾಗಿಯೇ ಉಳಿದು ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ. ನೋಡಲು ಹೊಸದರಂತಿರುವ ನಾಲ್ಕು ಟೈರುಗಳ ಪೂರ್ತಿ ಖರ್ಚು ದುರಸ್ತಿಯ ಪಟ್ಟಿಗೆ ಸೇರುತ್ತದೆ.

ಕಾರು ಯಾರ ಅಂಗಳಕ್ಕೆ ಹೋಗುತ್ತದೆ ಎಂಬುದೂ ಮುಖ್ಯ. ಕುಟುಂಬದ ವ್ಯಾನುಗಳನ್ನೇ ಮಾರುವ ಡೀಲರ್‌ಗೆ ಸ್ಪೋರ್ಟ್ಸ್ ಕಾರಿನ ಗಿರಾಕಿಗಳು ಸಿಗುವುದು ಕಷ್ಟ, ಆದ್ದರಿಂದ ಅವರು ಅದನ್ನು ಸಗಟು ಹರಾಜಿಗೆ ಕಳಿಸುವ ಲೆಕ್ಕದಲ್ಲೇ, ಹರಾಜಿನ ಶುಲ್ಕವನ್ನೂ ಕಳೆದು ಬೆಲೆ ಹೇಳುತ್ತಾರೆ. ಇಂಥ ಹರಾಜುಗಳಲ್ಲಿ ಹೆಸರಾದ ಮ್ಯಾನ್‌ಹೈಮ್ ಸಂಸ್ಥೆ 1945ರಲ್ಲಿ ಪೆನ್ಸಿಲ್ವೇನಿಯಾದ ಅದೇ ಹೆಸರಿನ ಊರಿನಲ್ಲಿ ಆರಂಭವಾದದ್ದು. ಇನ್ನು ಹಿಮ ಬೀಳುವ ರಾಜ್ಯಗಳಲ್ಲಿ ಮೇಲ್ಛಾವಣಿ ತೆರೆಯುವ ಕಾರನ್ನು ನವೆಂಬರ್‌ನಲ್ಲಿ ಒಪ್ಪಿಸುವವರು, ಅದು ವಸಂತದವರೆಗೆ ಮಾರಾಟವಾಗದೆ ನಿಲ್ಲುವ ಬಡ್ಡಿಯನ್ನೂ ತಾವೇ ಹೊತ್ತಂತಾಗುತ್ತದೆ.

ಈಗ ಕೊಡುಗೆಗಳನ್ನು ಹೋಲಿಸುವ ಬಗೆ. 60,000 ಡಾಲರಿನ ಹೊಸ ಕಾರಿಗೆ ಒಬ್ಬ ಡೀಲರ್ 3,000 ರಿಯಾಯಿತಿ ಕೊಟ್ಟು ಹಳೆಯದಕ್ಕೆ 32,000 ಹೇಳುತ್ತಾರೆ. ಇನ್ನೊಬ್ಬರು ರಿಯಾಯಿತಿ ಕೊಡದೆ ಹಳೆಯದಕ್ಕೆ 35,000 ಹೇಳುತ್ತಾರೆ. ಎರಡರಲ್ಲೂ ಮೇಲೆ ಕೊಡಬೇಕಾದದ್ದು 25,000. ಟೆಕ್ಸಾಸ್‌ನಲ್ಲಿ ಟ್ರೇಡ್-ಇನ್ ಮೊತ್ತವನ್ನು ಕಳೆದ ಮೇಲೆಯೇ ಶೇಕಡಾ 6.25 ಮಾರಾಟ ತೆರಿಗೆ ಬೀಳುವುದರಿಂದ ಅಲ್ಲಿ ತೆರಿಗೆಯೂ ಒಂದೇ, 1,562.50 ಡಾಲರ್. ಅದೇ ಕಾರಣಕ್ಕೆ, 32,000 ಡಾಲರಿನ ಟ್ರೇಡ್-ಇನ್ ಅಲ್ಲಿ 2,000 ಡಾಲರ್ ತೆರಿಗೆ ಉಳಿಸುತ್ತದೆ. ಹಳೆಯ ಕಾರನ್ನು ಸ್ವತಃ ಹೊರಗೆ ಮಾರುವವರಿಗೆ 34,000ಕ್ಕಿಂತ ಹೆಚ್ಚು ಬಂದರೆ ಮಾತ್ರ ಗಿಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಕಳೆಯುವಿಕೆ ಇಲ್ಲ, ಹೊಸ ಕಾರಿನ ಪೂರ್ತಿ ಬೆಲೆಗೆ ತೆರಿಗೆ. ಅಲ್ಲಿನ ಕನಿಷ್ಠ ದರವಾದ ಶೇಕಡಾ 7.25ರಂತೆ ಮೊದಲ ಡೀಲರ್ ಬಳಿ 57,000ಕ್ಕೆ 4,132.50, ಎರಡನೆಯವರ ಬಳಿ 60,000ಕ್ಕೆ 4,350 ಡಾಲರ್ ತೆರಿಗೆಯಾಗುತ್ತದೆ. ಹಳೆಯ ಕಾರಿಗೆ ಹೆಚ್ಚು ಬೆಲೆ ಹೇಳಿದ ಕೊಡುಗೆಯೇ ಅಲ್ಲಿ 217.50 ಡಾಲರ್ ತುಟ್ಟಿ.