ದಿನಚರಿ ಹೇಳುವಾಗ ‘ಬಿನ್’ ಬೇಕಾ?

ಪ್ರಶ್ನೆ: ಜರ್ಮನ್ ಕಲಿಯುತ್ತಿದ್ದೇನೆ. ‘ನಾನು ಏಳು ಗಂಟೆಗೆ ಏಳುತ್ತೇನೆ’ ಅನ್ನೋಕೆ ‘ಇಶ್ ಬಿನ್’ (ಇಂಗ್ಲಿಷಿನ ‘ಐ ಆ್ಯಮ್’) ಅಂತ ಶುರು ಮಾಡಬೇಕಾ?

ಬೇಡ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಹೊಸದಾಗಿ ಕಲಿಯಲು ಬರುವವರು ಮೊದಲು ಕೇಳುವುದು ಇದನ್ನೇ. ಈ ಸಲ ಬುಡಸಮೇತ ಕಿತ್ತುಬಿಡೋಣ.

ಸರಿಯಾದ ವಾಕ್ಯ ‘ಇಶ್ ಶ್ಟೇಯೆ ಉಮ್ ಝೀಬೆನ್ ಔಫ್’. ಏಳುವುದಕ್ಕೆ ‘ಔಫ್‌ಶ್ಟೇಯೆನ್’ ಅಂತಾರೆ. ವಾಕ್ಯದೊಳಗೆ ಬಂದಾಗ ಅದರ ‘ಔಫ್’ ಕಳಚಿಕೊಂಡು ಕೊನೆಗೆ ಹೋಗಿ ಕೂರುತ್ತದೆ. ಅಷ್ಟೇ.

ಹಾಗಾದರೆ ‘ಬಿನ್’ ಎಲ್ಲಿಂದ ನುಸುಳಿತು? ಇಂಗ್ಲಿಷಿನಿಂದ. ‘ಐ ಆ್ಯಮ್ ಡ್ರಿಂಕಿಂಗ್ ಟೀ’ ಅನ್ನುವುದು ತಲೆಯಲ್ಲಿ ಕೂತಿರುತ್ತದೆ. ಐ ಅಂದ್ರೆ ಇಶ್, ಆ್ಯಮ್ ಅಂದ್ರೆ ಬಿನ್ ಅಂತ ಒಂದೊಂದೇ ಪದ ಬದಲಿಸುತ್ತಾ ಹೋಗಿ ‘ಇಶ್ ಬಿನ್ ಟ್ರಿಂಕೆನ್ ಟೇ’ ಅಂತ ಮುಗಿಸುತ್ತಾರೆ. ಅದು ಜರ್ಮನ್ನೇ ಅಲ್ಲ. ಅಲ್ಲಿ ‘ಕುಡಿಯುತ್ತೇನೆ’, ‘ಕುಡಿಯುತ್ತಿದ್ದೇನೆ’ ಎರಡಕ್ಕೂ ರೂಪ ಒಂದೇ: ‘ಇಶ್ ಟ್ರಿಂಕೆ ಟೇ’. ಈಗಲೇ ಕುಡಿಯುತ್ತಿದ್ದೀರಾ? ‘ಟ್ರಿಂಕೆ’ ಆದಮೇಲೆ ‘ಗೆರಾಡೆ’ ಸೇರಿಸಿ. ಯಾವಾಗಲೂ ಟೀನೇ ಕುಡಿಯೋದಾ? ಅದೇ ಜಾಗಕ್ಕೆ ‘ಇಮ್ಮರ್’ ಹಾಕಿ. ವ್ಯತ್ಯಾಸ ತೋರಿಸುವುದು ಈ ಪುಟ್ಟ ಪದಗಳು, ‘ಬಿನ್’ ಅಲ್ಲ.

ಸುಮ್ನೆ ಇರಲಿ ಅಂತ ‘ಬಿನ್’ ಹಾಕಿದರೆ ಅರ್ಥವೂ ಕೆಡಬಹುದು. ‘ಇಶ್ ಬಿನ್ ಔಫ್‌ಗೆಶ್ಟಾಂಡೆನ್’ ಅಂದರೆ ‘ಎದ್ದೆ’. ಆಗಿಹೋದ ಕೆಲಸ. ‘ಇಶ್ ಬಿನ್ ಮ್ಯೂಡೆ’ ಅಂದರೆ ‘ನನಗೆ ಸುಸ್ತಾಗಿದೆ’. ಅಲ್ಲಿ ‘ಬಿನ್’ ಬೇಕೇ ಬೇಕು, ಯಾಕಂದ್ರೆ ಅದು ಕೆಲಸವಲ್ಲ, ನೀವು ಹೇಗಿದ್ದೀರಿ ಅನ್ನುವುದು.

‘ಕೆಲಸ ಮಾಡ್ತಿದ್ದೀನಿ ಅನ್ನೋಕೆ ಇಶ್ ಬಿನ್ ಆಮ್ ಆರ್ಬೈಟೆನ್ ಅಂತ ಜರ್ಮನರೇ ಹೇಳ್ತಾರಲ್ಲ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಆಡುಮಾತಿನಲ್ಲಿದೆ. ಆದರೆ ಆ ‘ಆಮ್’ ಗಮನಿಸಿ, ಅದಿಲ್ಲದೆ ಬರೀ ‘ಬಿನ್’ ಸಾಲದು. ಜೊತೆಗೆ, ಅದು ಆ ಹೊತ್ತಿಗೆ ನಡೆಯುತ್ತಿರುವ ಕೆಲಸಕ್ಕೆ, ದಿನದ ಅಭ್ಯಾಸಕ್ಕಲ್ಲ.

ನೀವು ಕೇಳಲಿಲ್ಲ, ಆದರೂ ‘ಮಿಶ್’ (ನನ್ನನ್ನು), ‘ಮೀರ್’ (ನನಗೆ) ಬಗ್ಗೆ ಹೇಳದೆ ಬಿಡಲಾರೆ. ಇಂಗ್ಲಿಷಿನ ದಾರಿಯಲ್ಲಿ ಹೋದವರಿಗೆ ಇವು ದೊಡ್ಡ ತಲೆನೋವು. ಕನ್ನಡದವರಿಗೆ ಯಾಕೆ ಆಗಬೇಕು? ನಮ್ಮಲ್ಲಿ ‘ಕೊಳ್ಳು’ ಇದೆಯಲ್ಲ! ‘ಇಶ್ ಝೆಟ್ಸೆ ಮಿಶ್’ ಅಂದರೆ ಕೂತುಕೊಳ್ಳುತ್ತೇನೆ. ‘ಇಶ್ ವಾಷೆ ಮೀರ್ ಡೀ ಹೆಂಡೆ’ ಅಂದರೆ ಕೈ ತೊಳೆದುಕೊಳ್ಳುತ್ತೇನೆ. ಇಂಗ್ಲಿಷಿನವರು ‘ನನ್ನ ಕೈ’ ಅಂತ ಬಿಡಿಸಿ ಹೇಳಬೇಕು. ನಮಗೂ ಜರ್ಮನರಿಗೂ ಆ ‘ನನ್ನ’ ಬೇಡ. ಕಾರು ತೊಳೆದರೆ ಬರೀ ‘ವಾಷೆ’ ಸಾಕು, ನಾವೂ ‘ಕಾರು ತೊಳೀತೀನಿ’ ಅಂತೀವಿ, ಅಲ್ವಾ? ಕೈ, ಹಲ್ಲು, ಕೂದಲು ಅಂತ ಅಂಗದ ಹೆಸರು ಬಂದರೆ ‘ಮೀರ್’. ಏನನ್ನು ಅಂತ ಹೆಸರಿಸದೆ ಬರೀ ‘ತೊಳೆದುಕೊಳ್ಳುತ್ತೇನೆ’ ಅಂದರೆ ‘ಮಿಶ್’.

ಎಲ್ಲ ಕಡೆ ಈ ಹೊಂದಿಕೆ ಕೂಡಿಬರುವುದಿಲ್ಲ. ಕಲಿತುಕೊಳ್ಳುತ್ತೇನೆ ಅನ್ನೋಕೆ ಬರೀ ‘ಇಶ್ ಲೆರ್ನೆ’.