ಹಿಮಕುಸಿತ ಟಿಪ್ಪಣಿ: ತೆಳು ಹಿಮಕ್ಕೆ ಯಾಕೆ ಹೆಚ್ಚು ಹೆದರಬೇಕು

ಚಪ್ಪಡಿಯಂತೆ ಜಾರುವ ಹಿಮಕುಸಿತಕ್ಕೆ ನಾಲ್ಕು ಸಂಗತಿ ಕೂಡಬೇಕು: ಮೇಲೊಂದು ಬಿಗಿ ಪದರ, ಅದರಡಿ ದುರ್ಬಲ ಪದರ, ಇಳಿಜಾರು (ಹೆಚ್ಚಾಗಿ 30ರಿಂದ 45 ಡಿಗ್ರಿ), ಮತ್ತು ಕದಲಿಸುವ ಭಾರ. ಜನ ಸಿಲುಕುವ ಕುಸಿತಗಳಲ್ಲಿ ಆ ಭಾರ ಬಹುಪಾಲು ಅವರದ್ದೇ ಅಥವಾ ಜೊತೆಗಾರರದ್ದು. ಇಷ್ಟು ಓದಿದೊಡನೆ ತಲೆಗೆ ಹತ್ತುತ್ತದೆ. ತೊಡಕಿರುವುದು ದುರ್ಬಲ ಪದರ ಹೇಗೆ ಹುಟ್ಟುತ್ತದೆ ಎಂಬಲ್ಲಿ.

ಹಿಮ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಹಿಮದಡಿಯ ನೆಲ ಸಾಮಾನ್ಯವಾಗಿ 0 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೇಲ್ಮೈ ಮೈನಸ್ 15 ಎಂದಿಟ್ಟುಕೊಳ್ಳಿ. ಹಿಮ 200 ಸೆಂ.ಮೀ. ದಪ್ಪವಿದ್ದರೆ ಆ 15 ಡಿಗ್ರಿ 20 ಭಾಗಕ್ಕೆ ಹಂಚಿಹೋಗಿ, ಪ್ರತಿ 10 ಸೆಂ.ಮೀ.ಗೆ 0.75 ಡಿಗ್ರಿ ಬರುತ್ತದೆ. 50 ಸೆಂ.ಮೀ. ಮಾತ್ರ ಇದ್ದರೆ? ಐದೇ ಭಾಗ, ತಲಾ 3 ಡಿಗ್ರಿ! ಚಳಿ ಅಷ್ಟೇ, ನೆಲವೂ ಅದೇ. ಬದಲಾದದ್ದು ದಪ್ಪ ಒಂದೇ.

10 ಸೆಂ.ಮೀ.ಗೆ ಸುಮಾರು 1 ಡಿಗ್ರಿ ಎಂಬುದು ಗಡಿ. ಅದಕ್ಕಿಂತ ಕಡಿಮೆಯಿದ್ದಾಗ ಹರಳುಗಳು ದುಂಡಗಾಗುತ್ತ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೀರಿದರೆ ಬೆಚ್ಚಗಿನ ತಳದಿಂದ ನೀರಾವಿ ರಭಸವಾಗಿ ಮೇಲೇರಿ ತಣ್ಣನೆಯ ಹರಳುಗಳ ಮೇಲೆ ಕೂರುತ್ತದೆ. ಅವು ಮೂಲೆ ಮೂಲೆಯಾಗಿ ಬೆಳೆಯುತ್ತವೆ, ಬೆಸುಗೆ ಸಡಿಲಾಗುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟದೆ ಸಕ್ಕರೆಯಂತೆ ಉದುರುತ್ತದೆ. ಆಮೇಲೆ ಬೀಳುವ ಹೊಸ ಹಿಮ ಈ ಸಡಿಲ ಪದರದ ಮೇಲೇ ಚಪ್ಪಡಿಯಾಗಿ ಕೂರುತ್ತದೆ. ಇದು ಒಂದೆರಡು ದಿನಕ್ಕೆ ವಾಸಿಯಾಗುವಂಥದ್ದಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಇಲ್ಲೊಂದು ಎಚ್ಚರ: ಮೇಲಿನ 0.75 ಬರೀ ಸರಾಸರಿ. ಮೋಡವಿಲ್ಲದ ರಾತ್ರಿ ಮೇಲ್ಮೈ ವಿಪರೀತ ತಣಿಯುತ್ತದೆ, ದಪ್ಪ ಹಿಮದಲ್ಲೂ ಮೇಲಿನ 10–20 ಸೆಂ.ಮೀ. ಮಾತ್ರ ಗಡಿ ದಾಟಿರಬಹುದು. ಅದಕ್ಕೇ ಗುಂಡಿ ತೋಡಿ, ನೆರಳಿನ ಬದಿಯ ಗೋಡೆಗೆ ಪ್ರತಿ 10 ಸೆಂ.ಮೀ.ಗೊಮ್ಮೆ ಥರ್ಮಾಮೀಟರ್ ಚುಚ್ಚಿ, ಅಕ್ಕಪಕ್ಕದ ಎರಡು ಅಂಕಿಗಳನ್ನು ಕಳೆದು ನೋಡಬೇಕು.

ಗುಂಡಿ ತೋಡದೆಯೂ ಸಿಗುವ ಸುಳಿವುಗಳು: ಹೆಜ್ಜೆಯಡಿ 'ವುಂಫ್' ಎಂಬ ಕುಸಿದ ಸದ್ದು, ಕಾಲಿನಿಂದ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ. ಸದ್ದು ಸಮತಟ್ಟಿನಲ್ಲಿ ಕೇಳಿದರೂ ನಿರಾಳರಾಗಬೇಡಿ. ದುರ್ಬಲ ಪದರ ಅಲ್ಲಿಂದ ಮೇಲಿನ ಕಡಿದಾದ ಜಾಗಕ್ಕೂ ಹಬ್ಬಿದ್ದರೆ ಬಿರುಕು ಅತ್ತ ಓಡಿ, ಚಪ್ಪಡಿ ನಿಮ್ಮ ತಲೆಯ ಮೇಲಿನಿಂದ ಬರುತ್ತದೆ.